ಊರಿನ ಹೆಸರಿಗೆ ತಕ್ಕ ಅಕ್ಷರ

ಉಜಿರೆ ಎಂದು ಬರೆಯಲು ಮೂರೇ ಅಕ್ಷರ ಸಾಕು. ಒಂದನೆಯ ತರಗತಿಯ ಮಗುವೂ ಬರೆದೀತು. ಆದರೆ ಆ ಮೂರು ಅಕ್ಷರಗಳನ್ನು ಒಂದು ಭಿತ್ತಿಪತ್ರದ ನೆತ್ತಿಯ ಮೇಲೆ, ದಾರಿಹೋಕರು ನಿಂತು ನೋಡುವಂತೆಯೂ ಊರಿನವರು ‘ಹೌದು, ಇದು ನಮ್ಮದು’ ಎಂದು ಒಪ್ಪುವಂತೆಯೂ ಬರೆಯಬೇಕಾಗಿ ಬಂದಾಗ, ಅದು ಎಷ್ಟು ತೊಡಕಿನ ಕೆಲಸವೆಂಬುದು ನನಗೆ ಮನವರಿಕೆಯಾಯಿತು. ಕಳೆದ ವರ್ಷ ನಾವು ಕೆಲವು ವಿದ್ಯಾರ್ಥಿಗಳು ಕೂಡಿ ಉಜಿರೆ ಮತ್ತು ಸುತ್ತಣ ಹಳ್ಳಿಗಳ ಹಳೆಯ ವಸ್ತುಗಳ, ಕೈಕಸುಬುಗಳ ಸಣ್ಣದೊಂದು ಪ್ರದರ್ಶನವನ್ನು ಏರ್ಪಡಿಸಿದ್ದೆವು. ಅದರ ಭಿತ್ತಿಪತ್ರದ ಹೊಣೆ ನನ್ನ ಪಾಲಿಗೆ ಬಂತು. ಆ ಸಂದರ್ಭದಲ್ಲಿ ನಾನು ಕಲಿತ ನಾಲ್ಕು ಮಾತುಗಳನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶ.

ಮೊದಲನೆಯ ಯತ್ನವನ್ನು ಈಗ ನೆನೆದರೆ ನಗು ಬರುತ್ತದೆ. ಗಣಕಯಂತ್ರದಲ್ಲಿ ಕನ್ನಡ ಅಕ್ಷರಗಳ ಬಗೆಬಗೆಯ ಅಚ್ಚುಗಳು, ಅಂದರೆ ಫಾಂಟುಗಳು, ಹತ್ತಾರು ಇದ್ದುವು. ಅವುಗಳಲ್ಲಿ ಎಲ್ಲಕ್ಕಿಂತ ಆಡಂಬರದ್ದನ್ನೇ ಆರಿಸಿದೆ. ಅಕ್ಷರಗಳ ತಲೆಯ ಮೇಲೆ ನಾಗರೀ ಲಿಪಿಯಲ್ಲಿರುವಂತೆ ಉದ್ದಕ್ಕೂ ಒಂದು ಗೆರೆ, ಗೆರೆಗಳಿಗೆ ಕಲ್ಲಿನ ಕೆತ್ತನೆಯ ಬಣ್ಣ, ಹಿಂದೆ ಗೋಪುರದ ನೆರಳು, ಬದಿಯಲ್ಲಿ ಗಡಾಯಿಕಲ್ಲು, ಅಡಿಯಲ್ಲಿ ನೇತ್ರಾವತಿಯ ನೀಲಿ ಅಲೆ. ಊರಿನ ಸಂಸ್ಕೃತಿಯನ್ನೆಲ್ಲ ಒಂದೇ ಹಾಳೆಯಲ್ಲಿ ಇಳಿಸಿಬಿಟ್ಟೆನೆಂದು ಹಿಗ್ಗಿದೆ. ಮಾದರಿಯ ಪ್ರತಿಯೊಂದನ್ನು ಬಸ್ ನಿಲ್ದಾಣದ ಬಳಿಯ ಅಂಗಡಿಯೊಂದರ ಗೋಡೆಗೆ ಅಂಟಿಸಿ, ದೂರ ನಿಂತು ನೋಡಿದೆವು. ಅಂಗಡಿಯ ಯಜಮಾನರು ಹೊರಗೆ ಬಂದು ನೋಡಿ, “ಎಂತದು ಮಾರಾಯ್ರೆ, ಇಲ್ಲಿ ಹೊಸ ಹೋಟೆಲ್ ಆಗ್ತದಾ?” ಎಂದು ಕೇಳಿದರು. ಬಸ್ಸಿಗೆ ಕಾದಿದ್ದ ಹಿರಿಯರೊಬ್ಬರು ಕನ್ನಡಕ ಏರಿಸಿ, ಕೆಳಗಿನ ಸಾಲಿನಲ್ಲಿದ್ದ ‘ಧರ್ಮಸ್ಥಳ ರಸ್ತೆ’ ಎಂಬುದನ್ನು ‘ದರ್ಮ...’ ಎಂದು ಓದತೊಡಗಿ, ಮುಂದಕ್ಕೆ ಹೋಗದೆ ನಿಂತುಬಿಟ್ಟರು. ಅದು ಅವರ ಕಣ್ಣಿನ ದೋಷವಾಗಿರಲಿಲ್ಲ. ನನ್ನ ಅಕ್ಷರದ ದೋಷವಾಗಿತ್ತು.

ಅಕ್ಷರಕ್ಕೆ ಅರ್ಥವಿರುವಂತೆ ಒಂದು ಮುಖಭಾವವೂ ಇರುತ್ತದೆ. ಇದಕ್ಕೆ ದೊಡ್ಡ ಶಾಸ್ತ್ರಜ್ಞಾನ ಬೇಕಾಗಿಲ್ಲ. ಮದುವೆಯ ಕರೆಯೋಲೆಯ ಬಳ್ಳಿ ಅಕ್ಷರದಲ್ಲಿ ಹರಾಜಿನ ಜಾಹೀರಾತು ಅಚ್ಚಾದರೆ ಯಾರೂ ಅದನ್ನು ನಂಬಲಾರರು. ಯಕ್ಷಗಾನದ ಭಿತ್ತಿಪತ್ರದಲ್ಲಿ ಪ್ರಸಂಗದ ಹೆಸರು ದಪ್ಪಕ್ಕೆ ಕೆಂಪಾಗಿ ಮೆರೆಯುವುದನ್ನು ನಾವು ಓಡುವ ಬಸ್ಸಿನಿಂದಲೇ ಗುರುತಿಸುತ್ತೇವೆ. ಹೆಸರನ್ನು ಓದುವ ಮೊದಲೇ ‘ಆಟ ಉಂಟು’ ಎಂದು ಮನಸ್ಸು ಹೇಳಿಬಿಟ್ಟಿರುತ್ತದೆ. ಓದುವುದಕ್ಕೆ ಮುಂಚೆ ಅಕ್ಷರ ಆಡುವ ಈ ಮಾತು ಸುಳ್ಳಾಗಬಾರದು. ನನ್ನ ಭಿತ್ತಿಪತ್ರ ಹೋಟೆಲಿನ ಮಾತನ್ನಾಡಿತು, ಆದುದರಿಂದಲೇ ಸೋತಿತು.

ಹಾಗಾದರೆ ಉಜಿರೆಯ ಮಾತು ಯಾವುದು? ಇದನ್ನು ತಿಳಿಯದೆ ಅಕ್ಷರವನ್ನು ಆರಿಸಹೊರಟದ್ದೇ ನನ್ನ ಮೊದಲ ತಪ್ಪು. ಉಜಿರೆ ಮಹಾನಗರವಲ್ಲ. ಮಂಗಳೂರಿನಿಂದ ಬೆಳ್ತಂಗಡಿಯನ್ನು ದಾಟಿ ಚಾರ್ಮಾಡಿ ಘಾಟಿಯತ್ತ ಹೋಗುವ ಹೆದ್ದಾರಿಯಿಂದ ಧರ್ಮಸ್ಥಳದ ದಾರಿ ಕವಲೊಡೆಯುವ ಠಾವು ಅದು. ಆದುದರಿಂದ ಅದು ಹಾದುಹೋಗುವವರ ಊರು. ಸುತ್ತಲ ಶಾಲೆ ಕಾಲೇಜುಗಳಿಗಾಗಿ ಬಂದು ಕೆಲವು ವರ್ಷ ನಿಲ್ಲುವವರ ಊರೂ ಹೌದು. ಇವೆರಡಕ್ಕೂ ಮೊದಲು ಅದು ಅಡಿಕೆ ತೋಟ, ಕೆಂಪುಕಲ್ಲಿನ ಗೋಡೆ, ಜನಾರ್ದನ ದೇವರ ಗುಡಿ, ತಿಂಗಳುಗಟ್ಟಲೆ ಸುರಿಯುವ ಮಳೆ ಇವುಗಳ ನಡುವೆ ಬಾಳುವವರ ಊರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ; ಸಂತೆಯಲ್ಲಿ ಕೊಂಕಣಿ, ಬ್ಯಾರಿ, ಮಲೆಯಾಳಗಳೂ ಕಿವಿಗೆ ಬೀಳುತ್ತವೆ. ಹತ್ತಿರದ ಸುರ್ಯದ ಸದಾಶಿವ ರುದ್ರನಿಗೆ ಭಕ್ತರು ಒಪ್ಪಿಸುವುದು ಮಣ್ಣಿನ ಹರಕೆ: ಮನೆ ಬೇಕಾದವರು ಮಣ್ಣಿನ ಮನೆಯನ್ನು, ಮಗು ಬೇಕಾದವರು ಮಣ್ಣಿನ ಮಗುವನ್ನು ತಂದಿಡುತ್ತಾರೆ. ಆ ಗೊಂಬೆಗಳಲ್ಲಿ ಅಲಂಕಾರ ಕಡಿಮೆ. ಆದರೆ ಇದು ಹಸು, ಇದು ತೊಟ್ಟಿಲು ಎಂದು ನೋಡಿದೊಡನೆ ತಿಳಿಯುತ್ತದೆ. ಈ ಊರಿನ ಗುಣ ಅಲ್ಲಿದೆಯೆಂದು ನನಗೆ ತೋರಿತು: ಸರಳತೆ, ಸ್ಪಷ್ಟತೆ, ಕೈಯ ಗುರುತು.

ಇನ್ನು ಹೆಸರಿನ ಅಕ್ಷರಗಳನ್ನೇ ನೋಡೋಣ. ‘ಉ’ ಅಗಲವಾಗಿ ಕುಳಿತ, ತಲಕಟ್ಟಿಲ್ಲದ ಅಕ್ಷರ. ‘ಜಿ’ಯ ಮೇಲೆ ಗುಡಿಸು ಸುತ್ತಿಕೊಂಡಿದೆ. ‘ರೆ’ಯಲ್ಲಿ ತಲಕಟ್ಟಿನ ಜಾಗವನ್ನು ಎತ್ವ ಹಿಡಿದುಕೊಂಡಿದೆ. ಎಂದರೆ, ಇಡೀ ಹೆಸರಿನಲ್ಲಿ ಸಾದಾ ತಲಕಟ್ಟು ಎಲ್ಲಿಯೂ ಇಲ್ಲ! ಇಂಥ ಹೆಸರಿಗೆ ಉದ್ದಕ್ಕೂ ನಾಗರಿಯ ತಲೆಗೆರೆಯನ್ನು ಹೊದಿಸಿದ್ದೆನಲ್ಲ, ಅದು ಕನ್ನಡಕ್ಕೆ ಒಗ್ಗದ ವೇಷವೆಂಬುದು ಒಂದು ಮಾತು. ಈ ಹೆಸರಿಗಂತೂ ಸ್ವಲ್ಪವೂ ಒಗ್ಗದ್ದೆಂಬುದು ಇನ್ನೊಂದು. ಒತ್ತಕ್ಷರವೂ ಇಲ್ಲದ್ದರಿಂದ ಹೆಸರಿನ ಕೆಳಗೆ ಯಾವುದೂ ಜೋತುಬೀಳುವುದಿಲ್ಲ. ಮೂರು ದುಂಡು ಅಕ್ಷರಗಳು ಒಂದೇ ನೆಲದ ಮೇಲೆ ಸಾಲಾಗಿ ಕುಳಿತಂತಿವೆ. ಇಂಥ ಹೆಸರನ್ನು ದೊಡ್ಡದಾಗಿ ಬರೆದಷ್ಟೂ ಚೆನ್ನ.

ಆದರೆ ಭಿತ್ತಿಪತ್ರದಲ್ಲಿ ಹೆಸರೊಂದೇ ಇರುವುದಿಲ್ಲ. ಧರ್ಮಸ್ಥಳ, ಬೆಳ್ತಂಗಡಿ, ಚಾರ್ಮಾಡಿ, ಕಕ್ಕಿಂಜೆ ಇವೆಲ್ಲ ನೆರೆಯ ಊರುಗಳು; ಇವುಗಳ ಹೆಸರಿನಲ್ಲಿ ಒತ್ತುಗಳೂ ಅರ್ಕಾವತ್ತುಗಳೂ ಇವೆ. ಸಾಲು ಸಾಲಿನ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಎಡೆ ಬಿಟ್ಟರೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ಕನ್ನಡಕ್ಕೆ ಅಡಿಯಲ್ಲಿ ಉಸಿರಾಡಲು ಹೆಚ್ಚು ಜಾಗ ಬೇಕು.

‘ಧರ್ಮಸ್ಥಳ’ವೆಂಬ ಒಂದೇ ಶಬ್ದವನ್ನು ಅಕ್ಷರದ ಒರೆಗಲ್ಲಾಗಿ ಬಳಸಬಹುದೆಂಬುದನ್ನು ಆ ಹಿರಿಯರ ದೆಸೆಯಿಂದ ಕಲಿತೆ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ‘ಧ’ದ ಹೊಟ್ಟೆಯೊಳಗೆ ಒಂದು ಚುಕ್ಕೆ ಇಟ್ಟರೆ ‘ಥ’. ‘ರ’ದೊಳಗೆ ಚುಕ್ಕೆ ಇಟ್ಟರೆ ‘ಠ’. ಅಲ್ಪಪ್ರಾಣ, ಮಹಾಪ್ರಾಣಗಳ ಭೇದವೆಲ್ಲ ಕೆಲವು ಕಡೆ ಒಂದು ಕೂದಲೆಳೆಯ ಮೇಲೆ ನಿಂತಿದೆ. ಅಕ್ಷರವನ್ನು ಗಟ್ಟಿಯಾಗಿ ಕಾಣಿಸಬೇಕೆಂದು ಗೆರೆಯನ್ನು ಸುಮ್ಮನೆ ದಪ್ಪ ಮಾಡುತ್ತ ಹೋದರೆ ಸೀಳು ಮುಚ್ಚುತ್ತದೆ, ಹೊಟ್ಟೆಯ ಬಯಲು ತುಂಬುತ್ತದೆ, ಚುಕ್ಕೆ ಮುಳುಗುತ್ತದೆ. ಮಳೆಗಾಲದ ಮಬ್ಬಿನಲ್ಲಿ, ಹತ್ತು ಮಾರು ದೂರದಿಂದ ನೋಡುವವನಿಗೆ ಧರ್ಮ ‘ದರ್ಮ’ವಾಗುತ್ತದೆ. ಆದುದರಿಂದ ಭಿತ್ತಿಪತ್ರಕ್ಕೆ ಫಾಂಟನ್ನು ಆರಿಸುವಾಗ ಅದರ ಹೆಸರನ್ನು ನೋಡಿ ಮರುಳಾಗದೆ, ಈ ಒಂದು ಶಬ್ದವನ್ನು ಸಣ್ಣದಾಗಿ ಅಚ್ಚು ಹಾಕಿಸಿ, ಗೋಡೆಗಂಟಿಸಿ, ಹಿಂದೆ ಸರಿದು ಓದಬೇಕು. ಇದರಲ್ಲಿ ತೇರ್ಗಡೆಯಾದ ಫಾಂಟಿನಲ್ಲಿ ಈ ಸೀಮೆಯ ಬೇರೆ ಹೆಸರುಗಳು ತೊಡಕುವುದು ಅಪರೂಪ.

ಇಷ್ಟು ಓದುವ ಸೌಕರ್ಯದ ಮಾತಾಯಿತು. ಊರಿನ ಛಾಯೆ ಅಕ್ಷರಕ್ಕೆ ಎಲ್ಲಿಂದ ಬರಬೇಕು? ಈ ಸೀಮೆಯಲ್ಲಿ ಅಕ್ಷರವನ್ನು ಯಾವ ಕೈ, ಯಾವ ವಸ್ತುವಿನ ಮೇಲೆ, ಯಾವ ಉಪಕರಣದಿಂದ ಬರೆಯಿತೆಂಬುದನ್ನು ಹುಡುಕಿದರೆ ಉತ್ತರ ಸಿಗುತ್ತದೆ.

ಮೊದಲನೆಯದು ಓಲೆ. ನಮ್ಮ ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲ, ಜಯಧವಲ, ಮಹಾಧವಲ ಗ್ರಂಥಗಳು ತಾಳೆಯೋಲೆಯ ಪ್ರತಿಗಳು. ಭಾಷೆ ಪ್ರಾಕೃತ, ಲಿಪಿ ಮಾತ್ರ ಹಳಗನ್ನಡದ್ದು. ದೂರದ ಭಾಷೆಯ ಶಾಸ್ತ್ರಗ್ರಂಥಗಳು ಉಳಿದದ್ದು ನಮ್ಮ ಲಿಪಿಯ ಮಡಿಲಲ್ಲಿ! ಇನ್ನು ಹಳೆಯ ಮನೆಗಳ ಅಟ್ಟದ ಮೇಲೆ ದೊರೆಯುವ ಓಲೆಗಳಲ್ಲಿ ಕಂಟವೆಂಬ ಉಕ್ಕಿನ ಮೊನೆಯಿಂದ ಗೀರಿ, ಮಸಿ ತಿಕ್ಕಿದ ಅಕ್ಷರಗಳನ್ನು ಕಾಣುತ್ತೇವೆ. ಓಲೆಯ ನಾರಿನ ಉದ್ದಕ್ಕೆ ನೇರ ಗೆರೆ ಎಳೆದರೆ ಅದು ಸೀಳುವ ಭಯವಿದ್ದುದರಿಂದ ನಮ್ಮ ಅಕ್ಷರಗಳು ದುಂಡಗಾದುವೆಂದು ಹೇಳುವುದುಂಟು. ಮೊನೆಯಿಂದ ಗೀರಿದ ಗೆರೆ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ ತೆಳುವಾಗಿರುತ್ತದೆ.

ಎರಡನೆಯದು ಅಚ್ಚಿನ ಕಲ್ಲು ಮತ್ತು ಸೀಸದ ಮೊಳೆ. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ನಮ್ಮ ಜಿಲ್ಲೆಯಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗರು ಹೊರತಂದ ಕನ್ನಡದ ಮೊದಲ ವೃತ್ತಪತ್ರಿಕೆ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನದು. ಕಲ್ಲಚ್ಚಿನಲ್ಲಿ ಮೊಳೆ ಜೋಡಿಸುವ ಕೆಲಸವಿಲ್ಲ. ಕೈಬರಹವೇ ಕಲ್ಲಿಗಿಳಿದು ಅಚ್ಚಾಗುತ್ತದೆ. ಎಂದರೆ ಕನ್ನಡದ ಮೊದಲ ಪತ್ರಿಕೆಯ ಮುಖ ಒಂದು ಕೈಬರಹದ ಮುಖ! ಆ ಬಳಿಕ ಸೀಸದ ಮೊಳೆಗಳು ಬಂದುವು. 1894ರಲ್ಲಿ ಅದೇ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ಲರ ನಿಘಂಟನ್ನು ತೆರೆದು ನೋಡಿದರೆ, ಸುಮಾರು 70,000 ಶಬ್ದಗಳಲ್ಲಿ ಸೀಳು, ಚುಕ್ಕೆ, ಒತ್ತುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸುವ ಶ್ರದ್ಧೆ ಕಾಣುತ್ತದೆ. ನಿಘಂಟಿನಲ್ಲಿ ಅಕ್ಷರ ತಪ್ಪಿದರೆ ಶಬ್ದವೇ ತಪ್ಪುತ್ತದಲ್ಲವೇ?

ಮೂರನೆಯದು ಬಣ್ಣದ ಕುಂಚ. ಅಂಗಡಿಯ ಹಲಗೆ, ಬಸ್ಸಿನ ಹಣೆ, ಸಹಕಾರಿ ಸಂಘದ ಗೋಡೆ ಇವುಗಳ ಮೇಲೆ ಕುಂಚ ಹಿಡಿದ ಕಲಾವಿದರು ಬರೆದ ಅಕ್ಷರ. ಪುಸ್ತಕಗಳನ್ನು ಗ್ರಂಥಾಲಯಗಳು ಕಾಪಾಡುತ್ತವೆ; ಇವನ್ನು ಕಾಪಾಡುವವರಿಲ್ಲ. ಫ್ಲೆಕ್ಸ್ ಬಂದ ಮೇಲೆ ಹಲಗೆಗಳು ಒಂದೊಂದಾಗಿ ಇಳಿದುವು.

ನಾಲ್ಕನೆಯದು ಗಣಕಯಂತ್ರ. ಇದರಲ್ಲಿಯೂ ನಮ್ಮ ಜಿಲ್ಲೆಯ ಪಾಲು ದೊಡ್ಡದು. ಇಂದು ಕನ್ನಡವನ್ನು ಬೆರಳಚ್ಚು ಮಾಡುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು ಮಂಗಳೂರಿಗೆ ಹತ್ತಿರದ ಕಿನ್ನಿಕಂಬಳದವರು. 1998ರಲ್ಲಿ ‘ಬರಹ’, ತರುವಾಯ ‘ನುಡಿ’ ಬಂದುವು. ಯೂನಿಕೋಡಿನ ದೆಸೆಯಿಂದ ಕನ್ನಡ ಎಲ್ಲ ಯಂತ್ರಗಳಲ್ಲಿಯೂ ಹರಿದಾಡತೊಡಗಿತು. ತುಂಗಾ, ಕೇದಗೆ, ಮಲ್ಲಿಗೆ, ನೋಟೋ, ಬಲೂ ತಮ್ಮ ಎಂದು ಫಾಂಟುಗಳ ಹೆಸರಿನ ಪಟ್ಟಿಯೇ ಉಂಟು. ಗುಬ್ಬಿ, ಹುಬ್ಬಳ್ಳಿ ಎಂದು ಊರಿನ ಹೆಸರನ್ನು ಹೊತ್ತವುಗಳೂ ಇವೆ. ಆದರೆ ಹುಬ್ಬಳ್ಳಿಯ ಹೆಸರು ಹೊತ್ತ ಮಾತ್ರಕ್ಕೆ ಅದು ಹುಬ್ಬಳ್ಳಿಯ ಭಿತ್ತಿಪತ್ರಕ್ಕೇ ಮೀಸಲಲ್ಲ. ಉಜಿರೆಗೆ ನಿಷಿದ್ಧವೂ ಅಲ್ಲ.

ಹೊರಗಿನ ಲೋಕದಲ್ಲಿ ಊರಿಗೊಂದು ಅಕ್ಷರ ಮಾಡಿದವರಿಲ್ಲವೇ ಎಂದು ಕೇಳಬಹುದು. ಇದ್ದಾರೆ. ಲಂಡನ್ನಿನ ನೆಲದಡಿಯ ರೈಲಿಗಾಗಿ ಫ್ರಾಂಕ್ ಪಿಕ್ ಎಂಬವರು 1913ರಲ್ಲಿ ಎಡ್ವರ್ಡ್ ಜಾನ್‌ಸ್ಟನ್ ಎಂಬ ಲಿಪಿಕಾರರಿಗೆ ಅಕ್ಷರವನ್ನು ರಚಿಸಲು ಹೇಳಿದರು. 1916ರಿಂದ ಅದು ಬಳಕೆಗೆ ಬಂತು. ಜಾನ್‌ಸ್ಟನ್ನರು ಪ್ರಾಚೀನ ರೋಮನ್ನರ ಶಿಲಾಶಾಸನಗಳಿಂದ ಅಕ್ಷರದ ಪ್ರಮಾಣವನ್ನು ಮಾತ್ರ ತೆಗೆದುಕೊಂಡು, ಅಲಂಕಾರವನ್ನು ಬಿಟ್ಟುಕೊಟ್ಟರು. ಅದರಲ್ಲಿ ಲಂಡನ್ನಿನ ಗಡಿಯಾರದ ಗೋಪುರವಾಗಲಿ ಅರಮನೆಯಾಗಲಿ ಇಲ್ಲ. ಆದರೂ ನೂರು ವರ್ಷ ಜನ ಅದನ್ನೇ ಓದಿ ಓದಿ, ಅದೇ ಲಂಡನ್ನಿನ ಅಕ್ಷರವಾಯಿತು. ತಿದ್ದಿದ ರೂಪದಲ್ಲಿ ಇಂದಿಗೂ ಉಂಟು. 2017ರ ಡಿಸೆಂಬರಿನಲ್ಲಿ ನಮ್ಮ ಬೆಂಗಳೂರಿಗೂ ಒಂದು ಲಾಂಛನ ಬಂತು. ನಗರದ ಹೆಸರಿನ ಆದಿ ಅಂತ್ಯಗಳ ಇಂಗ್ಲಿಷ್ ಅಕ್ಷರಗಳನ್ನು ಕೆಂಪಾಗಿಸಿ, ‘ನೀನು ನೀನಾಗಿರು’ ಎಂಬ ಅರ್ಥ ಬರುವಂತೆ ಅದನ್ನು ಜೋಡಿಸಿದ್ದರು. ನಾನಾ ಕಡೆಯವರು ಬಂದು ನೆಲೆಸುವ ಮಹಾನಗರಕ್ಕೆ ಆ ಮಾತು ಹೊಂದೀತು. ಆ ಜಾಣತನವನ್ನು ನಕಲು ಮಾಡಿ ಉಜಿರೆಗೆ ಅಂಟಿಸಿದರೆ, ದೊಡ್ಡಣ್ಣನ ಅಂಗಿ ತೊಟ್ಟ ತಮ್ಮನಂತಾದೀತು.

ಇಷ್ಟೆಲ್ಲ ಯೋಚಿಸಿದ ಮೇಲೆ ನಾವು ಮಾಡಿದ್ದು ಇಷ್ಟೆ. ಹಿಂದೆ ಅಂಗಡಿಯ ಹಲಗೆಗಳನ್ನು ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರನ್ನು ಹುಡುಕಿಕೊಂಡು ಹೋದೆವು. “ಈಗ ಯಾರು ಬರೆಸ್ತಾರೆ ಮಕ್ಕಳೇ? ಎಲ್ಲ ಫ್ಲೆಕ್ಸೇ ಅಲ್ವಾ” ಎಂದು ಮೊದಲು ಒಪ್ಪಲಿಲ್ಲ. ಬಣ್ಣ ನಾವೇ ತರುತ್ತೇವೆಂದಾಗ ನಕ್ಕು ಒಳಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟ ಕುಂಚಗಳನ್ನು ತಂದರು. ಹಲಗೆಯ ಮೇಲೆ ಸುಣ್ಣದ ನೂಲು ಹೊಡೆದು ಎರಡು ಗೆರೆ ಮೂಡಿಸಿದರು. ನಾನು ಮೇಲಿನಿಂದ ಆರಂಭಿಸುವರೆಂದು ಕಾದಿದ್ದರೆ, ಅವರು ಮೂರು ಅಕ್ಷರಗಳ ದುಂಡು ಭಾಗಗಳನ್ನು ಮೊದಲು ಬರೆದು, ಗುಡಿಸನ್ನೂ ಎತ್ವವನ್ನೂ ಕಡೆಗೆ ಸೇರಿಸಿದರು. ಕಾರಣ ಕೇಳಿದೆ. “ಮೊದಲು ಹೊಟ್ಟೆ, ಮತ್ತೆ ತಲೆ. ತಲೆ ಮೊದಲು ಬರೆದರೆ ಹೊಟ್ಟೆಗೆ ಜಾಗ ಉಂಟಾ?” ಎಂದರು. ಫಾಂಟುಗಳ ನಡುವೆ ವಾರಗಟ್ಟಲೆ ಹುಡುಕಿದರೂ ನನಗೆ ಹೊಳೆಯದಿದ್ದ ತತ್ತ್ವ ಅದು. ಅಕ್ಷರದ ಒಳಗಿನ ಬಯಲು ಸರಿಯಾಗಿದ್ದರೆ ಹೊರಗಿನ ಗೆರೆ ತಾನಾಗಿ ಸರಿಹೋಗುತ್ತದೆ.

ಆ ಹಲಗೆಯ ಬರಹದ ಚಿತ್ರ ತೆಗೆದು ಭಿತ್ತಿಪತ್ರದ ನೆತ್ತಿಯಲ್ಲಿ ಇಟ್ಟೆವು. ದಿನ, ಹೊತ್ತು, ಸ್ಥಳಗಳ ಸಾಲುಗಳಿಗೆ ‘ಧರ್ಮಸ್ಥಳ’ದ ಪರೀಕ್ಷೆಯಲ್ಲಿ ಗೆದ್ದ ಒಂದು ಸಾದಾ ಫಾಂಟನ್ನು ಆರಿಸಿದೆವು. ಗೋಪುರ, ಕಲ್ಲು, ಅಲೆಗಳನ್ನು ಬಿಟ್ಟೆವು. ಊರಿನ ಗೋಡೆಗಳು ಕೆಂಪುಕಲ್ಲಿನವಾದುದರಿಂದ ಕೆಂಪು ಅಕ್ಷರವನ್ನೂ ಬಿಟ್ಟು, ಬಿಳಿಯ ಹಾಳೆಯ ಮೇಲೆ ಕಡುಹಸುರನ್ನು ಒಪ್ಪಿದೆವು.

ಒಂದು ವಿಷಯದಲ್ಲಿ ಮಾತ್ರ ನಮ್ಮೊಳಗೆ ವಾದವಾಯಿತು. ಮನೆಮಾತು ತುಳುವಾದ ಊರಿನಲ್ಲಿ ತುಳು ಲಿಪಿಯನ್ನೇಕೆ ಬಳಸಬಾರದೆಂದು ಕೆಲವರು ಕೇಳಿದರು. 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತಿರುವುದರಿಂದ ಈ ಪ್ರಶ್ನೆಗೆ ಹೊಸ ಬಲ ಬಂದಿದೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದನ್ನು ಓದಬಲ್ಲವರು ನಮ್ಮಲ್ಲಿಯೇ ಎಷ್ಟು ಮಂದಿ ಎಂದು ಕೈಯೆತ್ತಿಸಿದಾಗ ಎರಡು ಕೈ ಮೇಲೆದ್ದುವು. ಜನರನ್ನು ಕರೆಯುವ ಕಾಗದದಲ್ಲಿ ಜನರು ಓದಲಾರದ ಅಕ್ಷರವನ್ನು ಚೆಂದಕ್ಕಾಗಿ ಇಡುವುದು ಆ ಲಿಪಿಗೆ ಗೌರವವಲ್ಲವೆಂದು ಕಡೆಗೆ ಒಪ್ಪಿ, ತುಳುವಿನಲ್ಲಿ ಒಂದು ಸಾಲಿನ ಆಮಂತ್ರಣವನ್ನು ಕನ್ನಡ ಅಕ್ಷರಗಳಲ್ಲಿ ಬರೆದೆವು. ಪ್ರದರ್ಶನದ ಒಳಗೆ ತುಳು ಲಿಪಿಯ ವರ್ಣಮಾಲೆಯನ್ನು ಒಂದು ಫಲಕದಲ್ಲಿ ಇಟ್ಟು, ಬಂದವರು ತಮ್ಮ ಹೆಸರನ್ನು ಆ ಲಿಪಿಯಲ್ಲಿ ಬರೆದು ನೋಡಲು ಕಾಗದವನ್ನೂ ಇಟ್ಟೆವು. ಆ ಮೇಜಿನ ಮುಂದೆ ದಿನವಿಡೀ ಮಕ್ಕಳ ಗುಂಪು ಕರಗಲಿಲ್ಲ.

ಹೊಸ ಭಿತ್ತಿಪತ್ರವನ್ನು ಅದೇ ಅಂಗಡಿಯ ಗೋಡೆಗೆ ಅಂಟಿಸಿದಾಗ ಯಜಮಾನರು ಹೋಟೆಲಿನ ಮಾತೆತ್ತಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಇದು ಬೋರ್ಡು ಬರೆಯುವವರ ಕೈ ಅಲ್ವಾ? ನಮ್ಮ ಅಪ್ಪನ ಕಾಲದ ಬೋರ್ಡೂ ಅವರದ್ದೇ” ಎಂದರು. ಆ ಬೋರ್ಡು ಎಲ್ಲಿದೆಯೆಂದು ಕೇಳಿದೆ. ಒಲೆಗೆ ಹೋಯಿತಂತೆ.

ಈ ಒಂದು ಉತ್ತರ ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿದೆ. ಊರಿನ ಗುಣಕ್ಕೆ ತಕ್ಕ ಅಕ್ಷರವನ್ನು ನಾವು ಗಣಕಯಂತ್ರದೊಳಗೆ ಅರಸುತ್ತಿರುವಾಗ, ಊರು ತಾನಾಗಿ ಬರೆದುಕೊಂಡಿದ್ದ ಅಕ್ಷರ ಒಲೆಯ ಪಾಲಾಗುತ್ತಿದೆ. ಫಾಂಟುಗಳ ಮೇಲೆ ನನಗೆ ದ್ವೇಷವಿಲ್ಲ. ಭಿತ್ತಿಪತ್ರದ ಅರ್ಧಭಾಗವನ್ನು ನಡೆಸಿದ್ದು ಅವೇ. ಒಳ್ಳೆಯ ಫಾಂಟುಗಳನ್ನು ಮಾಡುವವರಿಗೂ ಆಧಾರವಾಗಿ ಇಂಥ ಕೈಬರಹ ಬೇಕೇ ಬೇಕು. ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿಜ್ಞಾಪನೆ: ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಪೇಟೆಯಲ್ಲಿ ಕುಂಚದಿಂದ ಬರೆದ ಹಳೆಯ ಹಲಗೆಗಳು ಉಳಿದಿದ್ದರೆ ಅವುಗಳ ಚಿತ್ರವನ್ನು ತೆಗೆದಿಡಿ, ಬರೆದವರು ಯಾರು, ಯಾವ ವರ್ಷ ಎಂಬುದನ್ನು ಕೇಳಿ ಬರೆದಿಡಿ. ನಮ್ಮ ಗ್ರಂಥಾಲಯದಲ್ಲಿ ಅವಕ್ಕೊಂದು ಕಪಾಟು ದೊರೆತರೆ, ಮುಂದಿನ ಭಿತ್ತಿಪತ್ರವನ್ನು ಬರೆಯುವವನು ನನ್ನಂತೆ ಹೋಟೆಲಿನ ಬಾಗಿಲಿಗೆ ಹೋಗಿ ಹಿಂದಿರುಗಬೇಕಾಗಲಾರದು.

ಆ ಹಿರಿಯರು ಬರೆದ ಹಲಗೆ ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ. ಕಳೆದ ಮಳೆಗಾಲದಲ್ಲಿ ಗೋಡೆ ಒಸರಿ ಅಂಚಿನ ಬಣ್ಣ ಸ್ವಲ್ಪ ಎದ್ದಿದೆ. ಮೂರು ಅಕ್ಷರಗಳು ಮಾತ್ರ ಕಡೆಯ ಬೆಂಚಿನಿಂದಲೂ ಚೆನ್ನಾಗಿ ಕಾಣುತ್ತವೆ.